ಹಳೆಯ ಸ್ಟಾರ್ ಟ್ರೆಕ್ ನೋಡಿ ಮಗಳು ನಕ್ಕಳು. ಶಾಟ್ನರ್ ಅವರದ್ದು ನಿಜಕ್ಕೂ ಅತಿ ನಟನೆಯಾ?

ಶರಾವತಿ_ತೀರ
ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ರಾತ್ರಿ ಊಟ ಆದ ಮೇಲೆ ಮಗಳ ಜೊತೆ ಕೂತು ಮೊದಲ ಸ್ಟಾರ್ ಟ್ರೆಕ್ ನೋಡುತ್ತಿದ್ದೇನೆ. 1966ರ ಅಮೆರಿಕದ ಟಿವಿ ಸರಣಿ, ಬಾಹ್ಯಾಕಾಶ ಹಡಗಿನ ಕಥೆ. ಕ್ಯಾಪ್ಟನ್ ಕರ್ಕ್ (ವಿಲಿಯಂ ಶಾಟ್ನರ್), ಭಾವನೆ ತೋರಿಸದ ಅನ್ಯಗ್ರಹದ ಸ್ಪಾಕ್ (ಲಿಯೊನಾರ್ಡ್ ನಿಮೊಯ್), ಡಾಕ್ಟರ್ ಮೆಕಾಯ್ ಇರುವುದು. ಅವಳಿಗೆ 14 ವರ್ಷ. ನಾನು ಚಿಕ್ಕವಳಿದ್ದಾಗ ದೂರದರ್ಶನದಲ್ಲಿ ಇದನ್ನು ನೋಡಿ ಬೆಳೆದವಳು. ಸ್ಪಾಕ್ ನನ್ನ ಬಾಲ್ಯದ ದೊಡ್ಡ ಹೀರೋ.

ನಿನ್ನೆ 'ಅರೀನಾ' ಕಂತು ಹಾಕಿದ್ದೆ. ಕರ್ಕ್ ಮತ್ತು ಹಲ್ಲಿ ಮುಖದ ಗಾರ್ನ್ ಬಂಡೆಗಳ ಮಧ್ಯೆ ಹೊಡೆದಾಡುವ ಕಂತು. ಗಾರ್ನ್ ನಿಧಾನವಾಗಿ ಕೈ ಬೀಸುತ್ತಿದ್ದ ಹಾಗೇ ಮಗಳು ಬಿದ್ದು ಬಿದ್ದು ನಕ್ಕಳು. ಅದು ಪರವಾಗಿಲ್ಲ, ರಬ್ಬರ್ ವೇಷ, ಹಳೇ ಕಾಲದ್ದು. ಆದರೆ ಆಮೇಲೆ ಒಂದು ಪ್ರಶ್ನೆ ಕೇಳಿದಳು. "ಅಮ್ಮಾ, ಈ ಕ್ಯಾಪ್ಟನ್ ಯಾಕೆ ಒಂದು ಮಾತನ್ನೂ ಪೂರ್ತಿ ಹೇಳಲ್ಲ? ಮಧ್ಯ ಮಧ್ಯ ನಿಲ್ಲಿಸ್ತಾನೆ, ಆಮೇಲೆ ಕೂಗ್ತಾನೆ. ನಟನೆ ಬರಲ್ವಾ ಇವನಿಗೆ?"

ನನಗೆ ಉತ್ತರ ಹೊಳೆಯಲಿಲ್ಲ. ಬೇಜಾರೂ ಆಯಿತು. ಇಂಗ್ಲಿಷ್‌ನವರು ಈ ಧಾಟಿಗೆ ಕ್ಯಾಂಪ್ ಅಂತ ಹೆಸರಿಟ್ಟಿದ್ದಾರೆ. ಬಣ್ಣ ಜಾಸ್ತಿ, ಭಾವ ಜಾಸ್ತಿ, ಎಲ್ಲವೂ ಒಂದು ಕೈ ಮೇಲೆ. ಹಳೆಯ ಸ್ಟಾರ್ ಟ್ರೆಕ್ ಅಂದರೆ ಕ್ಯಾಂಪ್ ಅಂತ ಎಲ್ಲ ಕಡೆ ಬರೆಯುತ್ತಾರೆ. ಅದು ಬೇಕಂತಲೇ ಮಾಡಿದ್ದಾ? ಇಲ್ಲಾ ನಟರಿಗೆ ಬರ್ತಾ ಇದ್ದದ್ದೇ ಅಷ್ಟಾ? ತಿಳಿದವರು ಹೇಳಿ.

ತುಂಗಾ_ಪಾನ
ಅತಿ ನಟನೆಯೇ. ಅದರಲ್ಲಿ ಎರಡು ಮಾತಿಲ್ಲ. ಆದರೂ ನನಗೆ ತುಂಬಾ ಇಷ್ಟ.

ಗಾಂಧಿಬಜಾರ್_ಗೆಳೆಯ
ಎರಡು ಮಾತಿಲ್ಲ ಅಂತ ಹೇಗೆ ಹೇಳ್ತೀರಿ? ನನ್ನದೇ ಎರಡನೇ ಮಾತು, ತಗೊಳ್ಳಿ.

ಶಾಟ್ನರ್ ಬಂದದ್ದು ರಂಗಭೂಮಿಯಿಂದ. ಕೆನಡಾದ ಸ್ಟ್ರಾಟ್‌ಫರ್ಡ್ ನಾಟಕೋತ್ಸವದಲ್ಲಿ ಷೇಕ್ಸ್‌ಪಿಯರ್ ನಾಟಕಗಳಲ್ಲಿ ಪಾತ್ರ ಮಾಡಿದವರು. 1956ರಲ್ಲಿ 'ಹೆನ್ರಿ ದಿ ಫಿಫ್ತ್' ನಾಟಕದಲ್ಲಿ ಕ್ರಿಸ್ಟೋಫರ್ ಪ್ಲಮರ್ ರಾಜನ ಪಾತ್ರ ಮಾಡುತ್ತಿದ್ದರು. ಒಂದು ದಿನ ಪ್ಲಮರ್‌ಗೆ ಕಿಡ್ನಿ ಕಲ್ಲಿನ ನೋವು ಬಂದು ಆಸ್ಪತ್ರೆ ಸೇರಿದರು. ಸರಿಯಾದ ತಾಲೀಮೂ ಇಲ್ಲದೆ ಶಾಟ್ನರ್ ಅವತ್ತು ಆ ಪಾತ್ರಕ್ಕೆ ಇಳಿದರು. ತಾನು ನಿಂತು ಹೇಳುತ್ತಿದ್ದ ಮಾತನ್ನು ಶಾಟ್ನರ್ ಕೂತು ಹೇಳಿದರು, ತಾನು ಮಾಡಿದ್ದಕ್ಕೆಲ್ಲ ಉಲ್ಟಾ ಮಾಡಿದರು ಅಂತ ಪ್ಲಮರ್ ಆಮೇಲೆ ಮೆಚ್ಚಿಕೊಂಡೇ ಹೇಳಿದ್ದಾರೆ. ನಟನೆ ಬರದವನಿಗೆ ಇದು ಸಾಧ್ಯನಾ?

ಆ ಮೊಳಗುವ ದನಿ, ಆ ಕೈ, ಆ ನಿಲುಗಡೆ ಎಲ್ಲ ಅಲ್ಲಿಂದ ಬಂದದ್ದು. ನಮ್ಮ ಕಂಪನಿ ನಾಟಕದವರು ಕೊನೇ ಬೆಂಚಿನವನಿಗೂ ಕೇಳಲಿ ಅಂತ ಹೇಗೆ ಮಾತು ಬಿಡುತ್ತಿದ್ದರೋ ಹಾಗೆ.

ಹೊಸಪೇಟೆ_ಹುಡುಗ
ಈ ರಂಗಭೂಮಿ ಮಾತು ಪ್ರತಿ ಸಲ ಬರುತ್ತೆ, ನಾನು ಒಪ್ಪಲ್ಲ. ಪ್ಯಾಟ್ರಿಕ್ ಸ್ಟೀವರ್ಟ್ ಕೂಡ ರಂಗಭೂಮಿಯಿಂದಲೇ ಬಂದವರು. ರಾಯಲ್ ಷೇಕ್ಸ್‌ಪಿಯರ್ ಕಂಪನಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. 1987ರ ಹೊಸ ಸ್ಟಾರ್ ಟ್ರೆಕ್ ಸರಣಿಯಲ್ಲಿ ಕ್ಯಾಪ್ಟನ್ ಪಿಕಾರ್ಡ್ ಆಗಿ ಬಂದಾಗ ಅವರು ಹೀಗೆ ಕೂಗಾಡಿದರಾ? ಒಂದು ಹುಬ್ಬು ಏರಿಸಿದರೆ ಸಾಕಿತ್ತು. ಹಾಗಾಗಿ ತಪ್ಪನ್ನು ರಂಗಭೂಮಿ ಮೇಲೆ ಹಾಕಬೇಡಿ. ಶಾಟ್ನರ್ ಮಾಡಿದ್ದು ಶಾಟ್ನರ್ ಆಯ್ಕೆ.

ಗಾಂಧಿಬಜಾರ್_ಗೆಳೆಯ
ತಪ್ಪು ಅಂತ ನಾನು ಎಲ್ಲಿ ಹೇಳಿದೆ? ಆಯ್ಕೆ ಅಂತಲೇ ನಾನೂ ಹೇಳ್ತಾ ಇರೋದು. ಆ ಆಯ್ಕೆ ಸರಿಯಾಗಿತ್ತು ಅನ್ನೋದು ನನ್ನ ವಾದ.

ಕಪ್ಪುಬಿಳುಪು_ಟಿವಿ
ಶರಾವತಿ ಮೇಡಂ, ನಿಮ್ಮ ಪೋಸ್ಟ್ ಓದಿ ಹಳೆಯದೆಲ್ಲ ನೆನಪಾಯಿತು. ದಾವಣಗೆರೆಯಲ್ಲಿ ನಮ್ಮ ವಠಾರಕ್ಕೆಲ್ಲ ಒಂದೇ ಟಿವಿ. ಅದೂ ಕಪ್ಪುಬಿಳುಪು, ಮರದ ಬಾಗಿಲಿನದ್ದು. ಎಂಬತ್ತರ ದಶಕದಲ್ಲಿ ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಓಡಿ ಹೋಗಿ ಜಾಗ ಹಿಡಿಯುತ್ತಿದ್ದೆವು. ಗಾಳಿ ಬೀಸಿದರೆ ಆಂಟೆನಾ ತಿರುಗುತ್ತಿತ್ತು. ಒಬ್ಬ ಮೇಲೆ ಹತ್ತಿ "ಬಂತಾ, ಬಂತಾ" ಅಂತ ಕೂಗಬೇಕು.

ಆಗ ನಮಗೆ ಇಂಗ್ಲಿಷ್ ಅರ್ಥ ಆಗುತ್ತಿರಲಿಲ್ಲ. ಒಂದು ಮಾತೂ ಇಲ್ಲ. ಆದರೆ ಕಥೆ ಪೂರ್ತಿ ಗೊತ್ತಾಗುತ್ತಿತ್ತು. ಯಾರಿಂದ? ಕರ್ಕ್‌ನಿಂದ. ಅವನ ಮುಖ ನೋಡಿದರೆ ಅಪಾಯ ಬಂತು, ಮೋಸ ಆಯಿತು, ಸ್ನೇಹಿತ ಸಾಯ್ತಾ ಇದ್ದಾನೆ, ಎಲ್ಲ ತಿಳಿಯುತ್ತಿತ್ತು. ಮೆತ್ತಗೆ ಮಾತಾಡುವ ನಟ ಆಗಿದ್ದರೆ ನಾವು ಹತ್ತು ನಿಮಿಷಕ್ಕೆ ಎದ್ದು ಗೋಲಿ ಆಡಲು ಹೋಗುತ್ತಿದ್ದೆವು.

ಇನ್ನೊಂದು ಮಾತು. ಗಾರ್ನ್ ನಮಗೆ ಹಾಸ್ಯ ಆಗಿರಲಿಲ್ಲ. ಬಣ್ಣ ಇಲ್ಲದ ಆ ಚಿಕ್ಕ ಪರದೆಯಲ್ಲಿ ರಬ್ಬರ್ ಅಂತ ಗೊತ್ತೇ ಆಗುತ್ತಿರಲಿಲ್ಲ. ಬರೀ ಒಂದು ದೊಡ್ಡ ಕಪ್ಪು ಆಕಾರ, ಹೊಳೆಯುವ ಕಣ್ಣು. ನನ್ನ ತಮ್ಮ ಎರಡು ರಾತ್ರಿ ಅಮ್ಮನ ಹತ್ತಿರ ಮಲಗಿದ.

ಶರಾವತಿ_ತೀರ
ಕಪ್ಪುಬಿಳುಪು ಸರ್, ಇದು ನನಗೆ ಹೊಳೆದೇ ಇರಲಿಲ್ಲ. ನಾನೂ ಆಗ ಮಾತು ಅರ್ಥ ಆಗದೇ ನೋಡಿದವಳು. ಮಗಳು ಈಗ ಪ್ರತಿ ಮಾತನ್ನೂ ಅರ್ಥ ಮಾಡಿಕೊಂಡು, ದೊಡ್ಡ ಪರದೆಯಲ್ಲಿ, ಕಡು ಬಣ್ಣದಲ್ಲಿ ನೋಡುತ್ತಿದ್ದಾಳೆ.

ಸಂಕಲನ_ಕೋಣೆ
ಬಣ್ಣದ ಮಾತು ಬಂತಲ್ಲ, ಅದನ್ನೇ ಮುಂದುವರಿಸುತ್ತೇನೆ. ಈ ಸರಣಿ ಬಂದದ್ದು ಎನ್‌ಬಿಸಿ ವಾಹಿನಿಯಲ್ಲಿ. ಆಗ ಎನ್‌ಬಿಸಿಯ ಒಡೆಯರು ಆರ್‌ಸಿಎ. ಅವರು ಬಣ್ಣದ ಟಿವಿ ಮಾರುತ್ತಿದ್ದ ಕಂಪನಿ. ಬಣ್ಣ ಕಣ್ಣಿಗೆ ಹೊಡೆಯುವ ಹಾಗಿದ್ದರೆ ಅವರಿಗೆ ಲಾಭ. ಕೆಂಪು, ನೀಲಿ, ಹಳದಿ ಅಂಗಿ, ಗೋಡೆ ಮೇಲೆ ನೇರಳೆ ಬೆಳಕು, ಆಕಾಶ ಕಿತ್ತಳೆ. ಬಣ್ಣ ಅಷ್ಟು ದಟ್ಟವಾಗಿ ಬರಲು ಇದೂ ಒಂದು ಕಾರಣ. ಇವತ್ತು ನಾವು ಅದನ್ನು ನೋಡಿ ಕ್ಯಾಂಪ್ ಅಂತೀವಿ.

ನಾನು ಸಂಕಲನ ಕೆಲಸ ಮಾಡುವವನು. ಹಾಗಾಗಿ ನಟನೆಯನ್ನು ಬೇರೆ ಕಣ್ಣಿಂದ ನೋಡುತ್ತೇನೆ. ಹಡಗಿನ ಮೇಲೆ ದಾಳಿ ಆದಾಗ ಏನಾಗುತ್ತೆ ಗಮನಿಸಿ. ಸೆಟ್ ಅಲುಗಾಡಲ್ಲ. ಕ್ಯಾಮೆರಾ ಓರೆ ಆಗುತ್ತೆ, ನಟರು ತಾವೇ ಕುರ್ಚಿಯಿಂದ ಹಾರಿ ಬೀಳುತ್ತಾರೆ. ಎಲ್ಲರೂ ಒಂದೇ ಕ್ಷಣಕ್ಕೆ, ಒಂದೇ ದಿಕ್ಕಿಗೆ. ಕರ್ಕ್ ಕಾಣದ ಗೋಡೆಗೆ ಡಿಕ್ಕಿ ಹೊಡೆಯುತ್ತಾನೆ ಅಂದರೆ ಅಲ್ಲಿ ಗೋಡೆ ಇಲ್ಲ, ಗ್ರಾಫಿಕ್ಸ್ ಇಲ್ಲ, ಶಾಟ್ನರ್ ಮೈ ಮಾತ್ರ ಇದೆ. ದುಡ್ಡು ಅಷ್ಟು ಕಡಿಮೆ. ಪ್ರತಿ ವಾರ ಹಡಗನ್ನು ಹೊಸ ಗ್ರಹದ ಮೇಲೆ ಇಳಿಸುವ ಚಿತ್ರಣಕ್ಕೆ ಖರ್ಚು ಜಾಸ್ತಿ ಅಂತಲೇ ಜನರನ್ನು ಕ್ಷಣದಲ್ಲಿ ಹಡಗಿನಿಂದ ಗ್ರಹಕ್ಕೆ ಕಳಿಸುವ ಟ್ರಾನ್ಸ್‌ಪೋರ್ಟರ್ ಯಂತ್ರ ಹುಟ್ಟಿದ್ದು. ಅಂಥ ಕಡೆ ನಟನ ಮುಖವೇ ಸ್ಪೆಷಲ್ ಎಫೆಕ್ಟ್. ಮುಖ ಸಣ್ಣದಾಗಿದ್ದರೆ ಅಪಾಯವೂ ಸಣ್ಣದಾಗಿ ಕಾಣುತ್ತಿತ್ತು.

ಹೊಸಪೇಟೆ_ಹುಡುಗ
ಇದು ಒಳ್ಳೆಯ ಮಾತು. ಇದನ್ನು ಒಪ್ಪುತ್ತೇನೆ. ಆದರೂ ನಿಮೊಯ್ ಅದೇ ಸೆಟ್‌ನಲ್ಲಿ, ಅದೇ ದುಡ್ಡಿನಲ್ಲಿ, ಪಕ್ಕದಲ್ಲೇ ನಿಂತು ಒಂದು ಹುಬ್ಬಿನಲ್ಲಿ ಕೆಲಸ ಮುಗಿಸುತ್ತಾರೆ. ಸ್ಪಾಕ್ ಪಾತ್ರಕ್ಕೆ ಅವರು ಮೂರು ಸಲ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿಗೆ ನಾಮನಿರ್ದೇಶನ ಆದರು, ಮೂರು ವರ್ಷಕ್ಕೆ ಮೂರು. ಕರ್ಕ್‌ಗೆ ಶಾಟ್ನರ್ ಎಷ್ಟು ಸಲ ಆದರು? ಒಂದೂ ಇಲ್ಲ.

ಕುಂದಾಪುರ_ಕಡಲು
ಹೊಸಪೇಟೆಯವರೇ, ನಿಮ್ಮ ಮಾತಿನಲ್ಲೇ ಉತ್ತರ ಇದೆ ಮಾರಾಯ್ರೇ.

1964ರಲ್ಲಿ ತೆಗೆದ ಮೊದಲ ಪೈಲಟ್, ಅಂದರೆ ವಾಹಿನಿಗೆ ತೋರಿಸುವ ಪ್ರಾಯೋಗಿಕ ಕಂತು, 'ದಿ ಕೇಜ್' ನೋಡಿ. ಅದರಲ್ಲಿ ಕ್ಯಾಪ್ಟನ್ ಪೈಕ್, ಜೆಫ್ರಿ ಹಂಟರ್. ತುಂಬಾ ಗಂಭೀರ, ಒಳಗೊಳಗೇ ಕೊರಗುವ ಮನುಷ್ಯ. ಅದರಲ್ಲಿ ಸ್ಪಾಕ್ ನಗುತ್ತಾನೆ, ಕೂಗುತ್ತಾನೆ! ಭಾವನೆ ತೋರಿಸದ ತಣ್ಣಗಿನ ಗುಣ ಅಲ್ಲಿ ಸ್ಪಾಕ್‌ಗೆ ಇರಲಿಲ್ಲ, ಮೇಜೆಲ್ ಬ್ಯಾರೆಟ್ ಮಾಡಿದ ನಂಬರ್ ಒನ್ ಪಾತ್ರಕ್ಕೆ ಇತ್ತು. ಎನ್‌ಬಿಸಿ ಆ ಪೈಲಟ್ ಬೇಡ ಅಂದಿತು. ಆಮೇಲೆ ಶಾಟ್ನರ್ ಬಂದರು. ನಿಮೊಯ್ ತಾವೇ ಹೇಳಿದ್ದಾರೆ: ಹಂಟರ್ ಒಳಮುಖ ಆಗಿದ್ದರಿಂದ ಎದುರಿಗಿದ್ದ ನಾನು ಚುರುಕು ತೋರಿಸಬೇಕಿತ್ತು, ಶಾಟ್ನರ್ ಅಷ್ಟು ಕಸುವಿನಿಂದ ಬಂದಾಗ ನನಗೆ ತಣ್ಣಗಾಗಲು ಜಾಗ ಸಿಕ್ಕಿತು ಅಂತ.

ನಮ್ಮ ಕಡೆ ಆಟ ನೋಡಿದವರಿಗೆ ಇದು ಗೊತ್ತು. ಚಂಡೆ ಇರುವುದರಿಂದಲೇ ಮದ್ದಳೆಯ ಮೆದು ಕೇಳಿಸುವುದು. ಬಣ್ಣದ ವೇಷ ಅಬ್ಬರಿಸಿ ಒಡ್ಡೋಲಗ ಮುಗಿಸಿದ ಮೇಲೆ ಬರುವ ಸಣ್ಣ ದನಿಯ ಮಾತಿಗೆ ಸಭೆ ಪೂರ್ತಿ ಕಿವಿ ಕೊಡುತ್ತದೆ. ಸ್ಪಾಕ್ ಹುಬ್ಬು ನಿಮಗೆ ಕಂಡದ್ದು ಪಕ್ಕದಲ್ಲಿ ಕರ್ಕ್ ಇದ್ದದ್ದರಿಂದ.

ತುಂಗಾ_ಪಾನ
ಇದು ಓದಿ ಮೈ ಜುಮ್ ಅಂತು. ನಾನು ಮೊದಲು ಹಾಕಿದ ಉತ್ತರ ವಾಪಸ್ ತಗೊಳ್ತೀನಿ.

ನೀಲಿ_ಅಂಗಿ
ಸಣ್ಣ ಸೇರಿಕೆ. ಸ್ಪಾಕ್ ತಣ್ಣಗಾದದ್ದಕ್ಕೆ ಇನ್ನೊಂದು ಕಾರಣ 'ದಿ ಕಾರ್ಬೊಮೈಟ್ ಮನೂವರ್' ಕಂತು. ನಿರ್ದೇಶಕ ಜೋಸೆಫ್ ಸಾರ್ಜೆಂಟ್ ನಿಮೊಯ್ ಅವರಿಗೆ ಎಲ್ಲರ ಹಾಗೆ ಗಾಬರಿ ತೋರಿಸಬೇಡ, ವಿಜ್ಞಾನಿಯ ಥರ ದೂರ ನಿಂತು ನೋಡು ಅಂದರು. ಆಗ ಬಂದದ್ದೇ ಆ ಪ್ರಸಿದ್ಧ 'ಫ್ಯಾಸಿನೇಟಿಂಗ್'.

ಸ್ಪಾಕ್ ಎದುರಾಳಿಯ ಕುತ್ತಿಗೆ ಹಿಡಿದು ಬೀಳಿಸುವುದೂ ನಿಮೊಯ್ ಅವರದ್ದೇ ಐಡಿಯಾ. 'ದಿ ಎನಿಮಿ ವಿದಿನ್' ಕಂತಿನಲ್ಲಿ ಕರ್ಕ್ ಒಬ್ಬ ಒಳ್ಳೆಯವ, ಒಬ್ಬ ಕೆಟ್ಟವ ಅಂತ ಎರಡಾಗುತ್ತಾನೆ; ಸ್ಪಾಕ್ ಆ ಕೆಟ್ಟ ಕರ್ಕ್ ತಲೆಗೆ ಹಿಂದಿನಿಂದ ಹೊಡೆಯಬೇಕು ಅಂತ ಬರೆದಿತ್ತು. ಸ್ಪಾಕ್ ಹಾಗೆಲ್ಲ ಮಾಡಲ್ಲ ಅಂತ ನಿಮೊಯ್ ಈ ಉಪಾಯ ಹೇಳಿದರು. ಅದು ನಿಜ ಅಂತ ಕಂಡದ್ದು ಹೇಗೆ? ಶಾಟ್ನರ್ ಬಿದ್ದ ರೀತಿಯಿಂದ. ಕೈ ಇಟ್ಟವರಿಗಿಂತ ಬಿದ್ದವರ ನಟನೆ ಅಲ್ಲಿ ಮುಖ್ಯ.

ಅರಳಿಕಟ್ಟೆ_ಮಾತು
ಕೈ ಎತ್ತಿ ಬೆರಳು ಬಿಡಿಸಿ ಸ್ಪಾಕ್ ಮಾಡುವ ನಮಸ್ಕಾರ ಎಲ್ಲಿಂದ ಬಂತು ಯಾರಿಗಾದರೂ ಗೊತ್ತಾ? ವಿಷಯ ಬಿಟ್ಟು ಕೇಳ್ತಾ ಇದ್ದೀನಿ, ಕ್ಷಮಿಸಿ.

ನೀಲಿ_ಅಂಗಿ
ನಿಮೊಯ್ ಯಹೂದಿ ಮನೆತನದವರು. ಚಿಕ್ಕವರಿದ್ದಾಗ ಪ್ರಾರ್ಥನಾ ಮಂದಿರದಲ್ಲಿ ಪುರೋಹಿತರು ಆಶೀರ್ವಾದ ಮಾಡುವಾಗ ಕೈ ಹಾಗೆ ಹಿಡಿದದ್ದನ್ನು ಕದ್ದು ನೋಡಿದ್ದರಂತೆ. ಅದನ್ನೇ 'ಅಮೋಕ್ ಟೈಮ್' ಕಂತಿನಲ್ಲಿ ತಂದರು.

ಅರಳಿಕಟ್ಟೆ_ಮಾತು
ಎಷ್ಟು ಚೆಂದ! ನಮ್ಮ ಮುದ್ರೆಗಳ ಹಾಗೆಯೇ.

ಕೋಲಾರ_ಚಿನ್ನ
ಎಲ್ಲರೂ ಶಾಟ್ನರ್ ಹಿಂದೆ ಬಿದ್ದಿದ್ದೀರಿ. ಮೇಡಂ ಕೇಳಿದ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಬೇಕಂತಲೇ ಮಾಡಿದ್ದಾ ಅಂತ.

ಬೇಕಂತಲೇ ಮಾಡಿದ ಕ್ಯಾಂಪ್ ಹೇಗಿರುತ್ತೆ ಅಂತ ನೋಡಬೇಕಾದರೆ ಅದೇ ಕಾಲದ ಬ್ಯಾಟ್‌ಮ್ಯಾನ್ ಸರಣಿ ನೋಡಿ. 1966 ಜನವರಿಯಲ್ಲಿ ಶುರುವಾಯಿತು, ಸ್ಟಾರ್ ಟ್ರೆಕ್ ಅದೇ ವರ್ಷ ಸೆಪ್ಟೆಂಬರ್ 8ಕ್ಕೆ. ಬ್ಯಾಟ್‌ಮ್ಯಾನ್‌ನಲ್ಲಿ ಆಡಮ್ ವೆಸ್ಟ್ ಅತ್ಯಂತ ಹಗುರ ವಿಷಯವನ್ನು ಅತ್ಯಂತ ಗಂಭೀರವಾಗಿ ಹೇಳುತ್ತಾರೆ. ಹೊಡೆದಾಟದಲ್ಲಿ ಪರದೆ ತುಂಬ 'ಪೌ', 'ಬ್ಯಾಮ್' ಅಂತ ಅಕ್ಷರ ಬರುತ್ತೆ. ನೋಡುವವನಿಗೆ ಕಣ್ಣು ಹೊಡೆದು ತೋರಿಸಿದ ಹಾಗೆ. ಮಾಡಿದವರಿಗೂ ಗೊತ್ತು, ನಮಗೂ ಗೊತ್ತು.

'ಲಾಸ್ಟ್ ಇನ್ ಸ್ಪೇಸ್' ಇನ್ನೊಂದು ಉದಾಹರಣೆ. 1965ರಲ್ಲಿ ಕಪ್ಪುಬಿಳುಪಿನಲ್ಲಿ ಸಾಕಷ್ಟು ಗಂಭೀರವಾಗಿ ಶುರುವಾಯಿತು. ಬಣ್ಣಕ್ಕೆ ಬಂದ ಮೇಲೆ ಜಾನಥನ್ ಹ್ಯಾರಿಸ್ ಅವರ ಡಾಕ್ಟರ್ ಸ್ಮಿತ್ ಇಡೀ ಸರಣಿಯನ್ನು ಕೈಗೆ ತಗೊಂಡರು. ಕೊನೆಗೆ ಮಾತಾಡುವ ಕ್ಯಾರೆಟ್ ಮನುಷ್ಯ ಬಂದ. ಅಲ್ಲಿ ಯಾರೂ ಅಪಾಯವನ್ನು ನಂಬುತ್ತಿರಲಿಲ್ಲ.

ಸ್ಟಾರ್ ಟ್ರೆಕ್ ಹಾಗಲ್ಲ. ಶಾಟ್ನರ್ ಎಷ್ಟೇ ಕೂಗಲಿ, ನಂಬಿ ಕೂಗುತ್ತಾರೆ. ಎದುರಿಗಿರುವ ರಬ್ಬರ್ ಹಲ್ಲಿ ತನ್ನನ್ನು ಕೊಲ್ಲುತ್ತದೆ ಅಂತ ಆ ಕಣ್ಣಿನಲ್ಲಿ ಇದೆ. ಅದಕ್ಕೆ ಕ್ಯಾಂಪ್ ಅನ್ನುವ ಪದವೇ ತಪ್ಪು ಅಂತ ನನ್ನ ಅನಿಸಿಕೆ.

ಹೊಸಪೇಟೆ_ಹುಡುಗ
ಇಲ್ಲ ಸರ್, ಇಲ್ಲಿ ನೀವು ಪದವನ್ನು ಅರ್ಧ ಹಿಡಿದಿದ್ದೀರಿ. ಸೂಸನ್ ಸೊಂಟಾಗ್ 1964ರಲ್ಲಿ ಕ್ಯಾಂಪ್ ಬಗ್ಗೆ ಬರೆದ ಪ್ರಬಂಧದಲ್ಲಿ ಎರಡು ಬಗೆ ಹೇಳುತ್ತಾರೆ. ತಿಳಿದು ಮಾಡಿದ್ದು ಒಂದು, ತಿಳಿಯದೇ ಆದದ್ದು ಇನ್ನೊಂದು. ಪೂರ್ತಿ ಮನಸ್ಸಿಟ್ಟು ಗಂಭೀರವಾಗಿ ಮಾಡಲು ಹೋಗಿ ಅತಿಯಾದದ್ದನ್ನೇ ಅವರು ಅಪ್ಪಟ ಕ್ಯಾಂಪ್ ಅನ್ನುತ್ತಾರೆ. ಹಾಗೆ ನೋಡಿದರೆ ಬ್ಯಾಟ್‌ಮ್ಯಾನ್‌ಗಿಂತ ಸ್ಟಾರ್ ಟ್ರೆಕ್ಕೇ ಹೆಚ್ಚು ಕ್ಯಾಂಪ್.

'ದಿ ಒಮೆಗಾ ಗ್ಲೋರಿ' ಕೊನೆಯಲ್ಲಿ ಕರ್ಕ್ ಅಮೆರಿಕದ ಸಂವಿಧಾನದ ಮೊದಲ ಸಾಲು ಓದುವುದನ್ನು ನೋಡಿ. ಒಂದೊಂದು ಪದಕ್ಕೂ ಒಂದೊಂದು ನಿಲುಗಡೆ. ನನಗೆ ಅದು ನೋಡಲು ಆಗುವುದೇ ಇಲ್ಲ.

ಕೋಲಾರ_ಚಿನ್ನ
ಒಮೆಗಾ ಗ್ಲೋರಿ ವಿಷಯದಲ್ಲಿ ನಾನು ಏನೂ ಹೇಳಲ್ಲ. ಅದು ಸೋತ ಕಂತು. ಸೊಂಟಾಗ್ ಮಾತು ಸರಿ, ಆ ಅರ್ಥದಲ್ಲಿ ಪದ ಒಪ್ಪಬಹುದು. ಆದರೆ ಜನ ಕ್ಯಾಂಪ್ ಅಂದಾಗ ಇಷ್ಟೆಲ್ಲ ಯೋಚಿಸಿ ಅನ್ನಲ್ಲ, ಕಳಪೆ ಅಂತ ಹೇಳೋಕೆ ಅನ್ನುತ್ತಾರೆ. ನನ್ನ ಸಿಟ್ಟು ಅದರ ಮೇಲೆ.

ನೀಲಿ_ಅಂಗಿ
ಕ್ಯಾರೆಟ್ ವೇಷ ಹಾಕಿದ ನಟ ಸ್ಟ್ಯಾನ್ಲಿ ಆಡಮ್ಸ್. ಅವರೇ ಸ್ಟಾರ್ ಟ್ರೆಕ್‌ನಲ್ಲಿ 'ದಿ ಟ್ರಬಲ್ ವಿತ್ ಟ್ರಿಬಲ್ಸ್' ಕಂತಿನ ವ್ಯಾಪಾರಿ ಸೈರಾನೊ ಜೋನ್ಸ್! ಒಬ್ಬರೇ ನಟ, ಎರಡು ಸರಣಿ. ಒಂದು ಕಡೆ ಕ್ಯಾರೆಟ್ ಆಗಿ ನರಳುತ್ತಾರೆ, ಇನ್ನೊಂದು ಕಡೆ ಎಷ್ಟು ಹದವಾದ ಹಾಸ್ಯ. ನಟನಿಗಿಂತ ಬರವಣಿಗೆ ಮತ್ತು ನಿರ್ದೇಶನ ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕಪ್ಪುಬಿಳುಪು_ಟಿವಿ
ಟ್ರಿಬಲ್ಸ್ ಕಂತಿನಲ್ಲಿ ಆ ರೋಮದ ಉಂಡೆಗಳೆಲ್ಲ ಮೇಲಿನಿಂದ ಸುರಿದು ಕರ್ಕ್ ಎದೆವರೆಗೂ ಮುಳುಗುತ್ತಾನಲ್ಲ, ಆಮೇಲೂ ಒಂದೊಂದೇ ಬಂದು ತಲೆಗೆ ಬೀಳುತ್ತಿರುತ್ತವೆ. ಶಾಟ್ನರ್ ಅಲ್ಲಿ ಕೂಗಲ್ಲ, ಕೈ ಆಡಿಸಲ್ಲ. ಸುಮ್ನೆ ನಿಂತಿರುತ್ತಾರೆ. ಆ ಸುಸ್ತಾದ ಮುಖ ಇದೆಯಲ್ಲ, ಅದು ದೊಡ್ಡ ಹಾಸ್ಯ ನಟನ ಮುಖ. ಮುಂದೆ ವಕೀಲ ಡೆನ್ನಿ ಕ್ರೇನ್ ಪಾತ್ರಕ್ಕೆ ಎರಡು ಎಮ್ಮಿ ಬಂದದ್ದು ಸುಮ್ಮನೆ ಅಲ್ಲ.

ಮೈಸೂರು_ಮಲ್ಲಿಗೆ_ಮೊಗ್ಗು
ಮೂರನೇ ಸೀಸನ್ ಬಗ್ಗೆ ಯಾರೂ ಮಾತಾಡ್ತಾ ಇಲ್ಲ ಯಾಕೆ? ಕ್ಯಾಂಪ್ ಅನ್ನುವ ಹೆಸರು ಅಂಟಿದ್ದೇ ಅಲ್ಲಿಂದ. 'ಸ್ಪಾಕ್ಸ್ ಬ್ರೇನ್'! ಸ್ಪಾಕ್ ಮೆದುಳನ್ನೇ ಕದ್ದುಕೊಂಡು ಹೋಗುತ್ತಾರೆ, ಮೆಕಾಯ್ ರಿಮೋಟ್ ಹಿಡಿದು ಅವನ ದೇಹವನ್ನು ನಡೆಸುತ್ತಾನೆ. ಯಾರೋ ಕೆಲಸಕ್ಕೆ ಬಾರದ ಬರಹಗಾರನಿಂದ ಬರೆಸಿದ್ದಾರೆ. ಎರಡನೇ ಸೀಸನ್‌ಗೇ ನಿಲ್ಲಿಸಬೇಕಿತ್ತು.

ನೀಲಿ_ಅಂಗಿ
ಮಲ್ಲಿಗೆ ಅವರೇ, ಅದನ್ನು ಬರೆದದ್ದು ಲೀ ಕ್ರೋನಿನ್. ಅದು ಜೀನ್ ಕೂನ್ ಅವರ ಗುಪ್ತನಾಮ. ಅದೇ ಕೂನ್ 'ಅರೀನಾ' ಬರೆದವರು, 'ದಿ ಡೆವಿಲ್ ಇನ್ ದ ಡಾರ್ಕ್' ಬರೆದವರು, ಶತ್ರು ಜನಾಂಗ ಕ್ಲಿಂಗನ್‌ರನ್ನು ಮೊದಲು ತಂದವರು. ಕೆಲಸಕ್ಕೆ ಬಾರದವರಲ್ಲ. ಸರಣಿಯ ಹಾಸ್ಯದ ನಾಡಿ ಅವರೇ.

ಎರಡನೇ ಸೀಸನ್‌ಗೆ ಎನ್‌ಬಿಸಿ ನಿಲ್ಲಿಸುವ ಮಾತು ಇತ್ತು. ಅಭಿಮಾನಿಗಳು ರಾಶಿ ರಾಶಿ ಪತ್ರ ಬರೆದು ಉಳಿಸಿಕೊಂಡರು. ಆದರೆ ಮೂರನೇ ಸೀಸನ್‌ಗೆ ಸಿಕ್ಕಿದ್ದು ಶುಕ್ರವಾರ ರಾತ್ರಿ 10 ಗಂಟೆ. ಹುಡುಗರು ಮನೆಯಲ್ಲೇ ಇರದ ಹೊತ್ತು. ದುಡ್ಡೂ ಕಡಿತ ಆಯಿತು. ಸರಣಿ ಹುಟ್ಟುಹಾಕಿದ ಜೀನ್ ರಾಡೆನ್‌ಬೆರಿ ದಿನದಿನದ ಕೆಲಸದಿಂದ ದೂರ ಸರಿದರು. ಬರವಣಿಗೆ ತೆಳುವಾದಾಗ ನಟರು ತಾವೇ ತುಂಬಲು ಹೋದರು. ಆಗ ಅತಿ ಆಯಿತು.

ಮೈಸೂರು_ಮಲ್ಲಿಗೆ_ಮೊಗ್ಗು
ಕೂನ್ ವಿಷಯ ಗೊತ್ತಿರಲಿಲ್ಲ. ಧನ್ಯವಾದ. ಆ ಮಾತು ತಪ್ಪಾಯಿತು.

ಆದರೆ ಮೂರನೇ ಸೀಸನ್ ಬಗ್ಗೆ ನನಗೆ ಇನ್ನೊಂದು ನೋವಿದೆ, ಅದನ್ನು ಹೇಳಲೇಬೇಕು. ಕೊನೆಯ ಕಂತು 'ಟರ್ನಬೌಟ್ ಇಂಟ್ರೂಡರ್', 1969 ಜೂನ್ 3. ಜಾನಿಸ್ ಲೆಸ್ಟರ್ ಅನ್ನುವ ಹೆಣ್ಣು ಕರ್ಕ್ ದೇಹದೊಳಗೆ ಸೇರುತ್ತಾಳೆ. ಅವಳಿಗೆ ಕ್ಯಾಪ್ಟನ್ ಆಗಬೇಕಿತ್ತು, ಹೆಣ್ಣು ಅಂತ ಆಗಲಿಲ್ಲ. ಎಷ್ಟು ನ್ಯಾಯವಾದ ಸಿಟ್ಟು! ಶಾಟ್ನರ್ ಅದನ್ನು ಹೇಗೆ ಮಾಡಿದರು? ಚೀರಾಟ, ಮುಷ್ಟಿ ಗುದ್ದಾಟ, ಹಟ. ಹೆಣ್ಣು ಅಧಿಕಾರಕ್ಕೆ ಬಂದರೆ ಹೀಗೇ ಅನ್ನುವ ಹಾಗೆ. ಜನ ಅದನ್ನು ಕ್ಯಾಂಪ್ ಅಂತ ಹಾಕಿಕೊಂಡು ನಗುತ್ತಾರೆ. ನನಗೆ ನಗು ಬರಲ್ಲ.

ಕುಂದಾಪುರ_ಕಡಲು
ನೀವು ಹೇಳಿದ್ದು ಸರಿ ಅಕ್ಕ. ನಾನು ಶಾಟ್ನರ್ ಪರ ಇಷ್ಟು ಹೊತ್ತು ವಾದ ಮಾಡಿದೆ, ಆದರೆ ಇಲ್ಲಿ ಮಾಡಲ್ಲ. ನಮ್ಮ ಯಕ್ಷಗಾನದಲ್ಲಿ ಗಂಡಸರೇ ಸ್ತ್ರೀವೇಷ ಮಾಡಿಕೊಂಡು ಬಂದಿದ್ದಾರೆ. ಒಳ್ಳೆಯ ಸ್ತ್ರೀವೇಷಧಾರಿ ಹೆಣ್ಣನ್ನು ಅಣಕಿಸುವುದಿಲ್ಲ. ದ್ರೌಪದಿ ಸಿಟ್ಟಾದರೆ ಅದು ದ್ರೌಪದಿಯ ಸಿಟ್ಟು, ಸಭೆ ತಲೆ ತಗ್ಗಿಸಬೇಕು. ಲೆಸ್ಟರ್ ಸಿಟ್ಟಿಗೆ ಆ ಗೌರವ ಸಿಗಲಿಲ್ಲ. ಬರೆದವರೂ ಕೊಡಲಿಲ್ಲ, ನಟನೂ ಕೊಡಲಿಲ್ಲ.

ಶರಾವತಿ_ತೀರ
ಮಲ್ಲಿಗೆ ಅವರೇ, ಒಳ್ಳೆಯದಾಯಿತು ಹೇಳಿದ್ದು. ಆ ಕಂತನ್ನು ಮಗಳ ಜೊತೆ ನೋಡುವಾಗ ಮಧ್ಯೆ ನಿಲ್ಲಿಸಿ ಮಾತಾಡುತ್ತೇನೆ.

ಹಾಸನ_ಹಳ್ಳಿಮನೆ
ಯಕ್ಷಗಾನದ ಹೋಲಿಕೆ ಚೆನ್ನಾಗಿದೆ. ಆದರೆ ಅಲ್ಲಿ ವೇಷ, ಬಣ್ಣ, ಹಾಡು, ಕುಣಿತ ಎಲ್ಲವೂ ಒಂದೇ ಎತ್ತರದಲ್ಲಿರುತ್ತೆ. ಸಿನಿಮಾದಿಂದ ಉದಾಹರಣೆ ಕೊಟ್ಟರೆ ಇನ್ನೂ ಹತ್ತಿರ ಆಗಬಹುದು. 1983ರ 'ಭಕ್ತ ಪ್ರಹ್ಲಾದ'ದಲ್ಲಿ ರಾಜ್‌ಕುಮಾರ್ ಅವರ ಹಿರಣ್ಯಕಶಿಪು. ಆ ಗರ್ಜನೆ, ಆ ನಡಿಗೆ. ಅಣ್ಣಾವ್ರು ಗುಬ್ಬಿ ಕಂಪನಿಯಲ್ಲಿ ಪಳಗಿದವರು. ಯಾರಾದರೂ ಅದನ್ನು ಅತಿ ನಟನೆ ಅಂತಾರಾ? ಅದೇ ಅಣ್ಣಾವ್ರು ಸಾಮಾಜಿಕ ಚಿತ್ರದಲ್ಲಿ ಪಕ್ಕದ ಮನೆಯವರ ಹಾಗೆ ಮಾತಾಡುತ್ತಾರೆ. ಪಾತ್ರ ಎಷ್ಟು ಕೇಳುತ್ತೋ ಅಷ್ಟು ದನಿ.

ನನ್ನ ಪ್ರಶ್ನೆ ಇಷ್ಟೇ. ಶಾಟ್ನರ್‌ಗೆ ದನಿ ಇಳಿಸಲು ಬರುತ್ತಿತ್ತಾ? ಬರುತ್ತಿತ್ತು ಅಂದರೆ ಏರಿಸಿದ್ದು ಆಯ್ಕೆ. ಬರುತ್ತಿರಲಿಲ್ಲ ಅಂದರೆ ಮೇಡಂ ಮಗಳು ಹೇಳಿದ್ದೇ ಸರಿ.

ಸಂಕಲನ_ಕೋಣೆ
ಒಳ್ಳೆಯ ಪ್ರಶ್ನೆ. ಬರುತ್ತಿತ್ತು.

'ಬ್ಯಾಲೆನ್ಸ್ ಆಫ್ ಟೆರರ್' ನೋಡಿ. ಶತ್ರುಗಳಾದ ರೊಮುಲನ್‌ರ ಹಡಗಿನ ಜೊತೆ ಕಣ್ಣಾಮುಚ್ಚಾಲೆ. ನಡುವೆ ಕರ್ಕ್ ತನ್ನ ಕೋಣೆಯಲ್ಲಿ ಮೆಕಾಯ್ ಹತ್ತಿರ ತನ್ನ ಅನುಮಾನ ಹೇಳಿಕೊಳ್ಳುತ್ತಾನೆ. ದನಿ ಪಿಸುಮಾತಿಗಿಂತ ಸ್ವಲ್ಪ ಮೇಲೆ. ಎದುರು ಪಾಳಯದಲ್ಲಿ ಮಾರ್ಕ್ ಲೆನಾರ್ಡ್, ಆ ದಣಿದ ರೊಮುಲನ್ ಕಮಾಂಡರ್. ಇಬ್ಬರೂ ಒಂದೇ ಜಾಗದಲ್ಲಿ ನಿಲ್ಲುವುದೇ ಇಲ್ಲ, ಆದರೂ ಒಬ್ಬರಿಗೊಬ್ಬರು ಮಾತಾಡಿದ ಹಾಗೆ ಇದೆ.

ಆಮೇಲೆ 'ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್'. 1967 ಏಪ್ರಿಲ್. 1930ರ ನ್ಯೂಯಾರ್ಕ್, ಜೋನ್ ಕಾಲಿನ್ಸ್ ಮಾಡಿದ ಈಡಿತ್. ಅವಳು ಸಾಯಲೇಬೇಕು, ಇಲ್ಲವಾದರೆ ಇತಿಹಾಸ ಕೆಡುತ್ತೆ. ಅವಳನ್ನು ಉಳಿಸಲು ಓಡುವ ಮೆಕಾಯ್‌ನನ್ನು ಕರ್ಕ್ ತಬ್ಬಿ ಹಿಡಿದು ತಡೆಯುತ್ತಾನೆ. ಮುಖ ಮುರುಟಿ ಹೋಗುತ್ತೆ, ಬಾಯಿಂದ ಒಂದು ಮಾತಿಲ್ಲ. ಕೂಗಲು ಇದಕ್ಕಿಂತ ದೊಡ್ಡ ಕಾರಣ 79 ಕಂತಿನಲ್ಲಿ ಎಲ್ಲೂ ಇಲ್ಲ. ಅಲ್ಲೇ ಅವರು ಕೂಗಲಿಲ್ಲ.

ಹೊಸಪೇಟೆ_ಹುಡುಗ
ಸರಿ, ಈ ಎರಡು ಕಂತುಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಸಿಟಿ ನೋಡಿ ನಾನೂ ಅತ್ತಿದ್ದೇನೆ. ಆದರೆ ಇದು ಇನ್ನೊಂದು ವಿಷಯವನ್ನೂ ಹೇಳುತ್ತೆ. ಒಳ್ಳೆಯ ನಿರ್ದೇಶಕ ಇದ್ದಾಗ ಶಾಟ್ನರ್ ಚೆನ್ನಾಗಿ ಮಾಡುತ್ತಿದ್ದರು. 1982ರ ಸ್ಟಾರ್ ಟ್ರೆಕ್ ಸಿನಿಮಾ 'ದಿ ರಾತ್ ಆಫ್ ಖಾನ್'ನಲ್ಲಿ ನಿರ್ದೇಶಕ ನಿಕೋಲಸ್ ಮೇಯರ್ ಶಾಟ್ನರ್ ಕೈಲಿ ಮತ್ತೆ ಮತ್ತೆ ಟೇಕ್ ಮಾಡಿಸಿ ಸುಸ್ತು ಮಾಡಿಸುತ್ತಿದ್ದರಂತೆ. ಸುಸ್ತಾದಾಗ ನಟಿಸುವುದು ಬಿಟ್ಟು ಸಹಜವಾಗಿ ಬರುತ್ತಿದ್ದರು. ಹಾಗಾದರೆ ಸರಣಿಯಲ್ಲಿ ಅತಿಯಾದದ್ದಕ್ಕೆ ಪಾಲು ನಿರ್ದೇಶಕರದ್ದೂ ಇದೆ. ವಾರಕ್ಕೊಂದು ಕಂತು ಮುಗಿಸುವ ಅವಸರ.

ಗಾಂಧಿಬಜಾರ್_ಗೆಳೆಯ
ಇದನ್ನು ನಾನೂ ಒಪ್ಪುತ್ತೇನೆ. ಅಂತೂ ಒಂದು ಕಡೆ ಸೇರಿದೆವು!

ಇನ್ನೊಂದು ನೆನಪಾಯಿತು. 'ದಿ ಡೆವಿಲ್ ಇನ್ ದ ಡಾರ್ಕ್' ಚಿತ್ರೀಕರಣದ ಮಧ್ಯೆ ಶಾಟ್ನರ್ ಅವರ ತಂದೆ ತೀರಿಕೊಂಡ ಸುದ್ದಿ ಬಂತು. ವಿಮಾನ ಸಿಗುವವರೆಗೆ ಕಾಯಬೇಕಿತ್ತು. ಆ ಹೊತ್ತಿನಲ್ಲೂ ಅವರು ಹಟ ಹಿಡಿದು ಆ ದಿನದ ಕೆಲಸ ಮುಗಿಸಿ ಹೋದರು. ಆ ಕಂತಿನ ಕರ್ಕ್ ನನಗೆ ಯಾವಾಗಲೂ ಸ್ವಲ್ಪ ಬೇರೆಯಾಗಿ ಕಾಣುತ್ತಾನೆ.

ಬೆಳಗಾವಿ_ಕುಂದಾ
ನಾನು ತಡವಾಗಿ ಬಂದೆ. ಯಾರೂ ಹೊಸದರ ಬಗ್ಗೆ ಹೇಳಲಿಲ್ಲವಲ್ಲ? 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್' 2022ರಿಂದ ಬರ್ತಾ ಇದೆ. ಅದರಲ್ಲಿ ಅದೇ ಗಾರ್ನ್ ಈಗ ನಿಜಕ್ಕೂ ಹೆದರಿಸುವ ಪ್ರಾಣಿ. 2023ರಲ್ಲಿ ಒಂದು ಕಂತು ಪೂರ್ತಿ ಹಾಡಿನದ್ದು, ಎಲ್ಲರೂ ಹಾಡುತ್ತಾರೆ, ಕ್ಲಿಂಗನ್‌ರೂ ಬಿಟ್ಟಿಲ್ಲ! ಹಳೆಯ ಅಭಿಮಾನಿಗಳು ಬೈದರು. ಬ್ರಹ್ಮಾಂಡದಲ್ಲಿ ಕುಸ್ತಿ, ಗ್ಯಾಂಗ್‌ಸ್ಟರ್ ಗ್ರಹ, ಹಿಪ್ಪಿಗಳ ಹಾಡು ಎಲ್ಲ ಮಾಡಿದ ಸರಣಿಯ ಅಭಿಮಾನಿಗಳು ಹಾಡಿಗೆ ಯಾಕೆ ಬೈಯಬೇಕು?

ಕೋಲಾರ_ಚಿನ್ನ
ಹಾಡಿನ ಕಂತು ನನಗೆ ಇಷ್ಟ ಆಯಿತು. ಯಾಕೆ ಹಾಡುತ್ತಿದ್ದೇವೆ ಅಂತ ಅವರಿಗೇ ಭಯ ಇದೆ. ಆ ಭಯ ನಿಜ. ಸ್ಪಾಕ್ ಮತ್ತು ನರ್ಸ್ ಚಾಪೆಲ್ ಹಾಡುಗಳಲ್ಲಿ ನೋವಿದೆ.

ಹೊಸಪೇಟೆ_ಹುಡುಗ
ನನಗೆ ಇಷ್ಟ ಆಗಲಿಲ್ಲ. ಅದು ಬೇರೆ ಚರ್ಚೆ, ಬೇರೆ ಕಡೆ ಮಾಡೋಣ.

ಶರಾವತಿ_ತೀರ
ಮೂರು ದಿನ ಆಯಿತು, ಏನಾಯಿತು ಅಂತ ಹೇಳಲು ಬಂದೆ. ಕುಂದಾಪುರದವರು ಹೇಳಿದ ಹಾಗೆ ಮೊದಲು 'ದಿ ಕೇಜ್' ಹಾಕಿದೆ. ಸ್ಪಾಕ್ ನಕ್ಕಿದ್ದು ನೋಡಿ ಮಗಳು ಎದ್ದು ಕೂತಳು. "ಇವನು ಸ್ಪಾಕೇ ಅಲ್ಲ" ಅಂದಳು. ನಿನ್ನೆ ರಾತ್ರಿ 'ಸಿಟಿ' ಹಾಕಿದೆ. ಕೊನೆಯ ದೃಶ್ಯಕ್ಕೆ ಅವಳು ಮೊಬೈಲ್ ಪಕ್ಕಕ್ಕಿಟ್ಟಳು. ಮುಗಿದ ಮೇಲೂ ಏನೂ ಮಾತಾಡಲಿಲ್ಲ. ಮಲಗುವ ಮುಂಚೆ ಬಂದು, "ಅಮ್ಮಾ, ಅವನಿಗೆ ನಟನೆ ಬರುತ್ತೆ. ಆದ್ರೆ ಗಾರ್ನ್ ಹತ್ರ ಯಾಕೆ ಹಂಗ್ ಮಾಡಿದ?" ಅಂದಳು. ಸಂಕಲನ ಸರ್ ಹೇಳಿದ ಮಾತು ಹೇಳಿದೆ. ಗೋಡೆ ಇಲ್ಲ, ಮೈ ಮಾತ್ರ ಇದೆ ಅಂತ. ಇವತ್ತು ಬೆಳಿಗ್ಗೆ ಅಡುಗೆಮನೆಯಲ್ಲಿ ಕಾಣದ ಗೋಡೆಗೆ ಡಿಕ್ಕಿ ಹೊಡೆಯುವುದನ್ನು ಪ್ರಯತ್ನ ಮಾಡುತ್ತಿದ್ದಳು. ಕಷ್ಟ ಅಂತೆ.

ಶನಿವಾರಕ್ಕೆ ಯಾವ ಕಂತು ಹಾಕಲಿ?

ಕಪ್ಪುಬಿಳುಪು_ಟಿವಿ
'ದಿ ಡೂಮ್ಸ್‌ಡೇ ಮಷೀನ್' ಹಾಕಿ ಮೇಡಂ. ಕಮಾಡೋರ್ ಡೆಕರ್ ಆಗಿ ವಿಲಿಯಂ ವಿಂಡಮ್ ಇದ್ದಾರೆ. ತನ್ನ ಹಡಗಿನ ಜನರನ್ನೆಲ್ಲ ಕಳೆದುಕೊಂಡ ಮನುಷ್ಯ. ಅವರ ಪಕ್ಕದಲ್ಲಿ ಶಾಟ್ನರ್ ಸಣ್ಣ ದನಿಯವರಾಗಿ ಕಾಣುತ್ತಾರೆ, ನೋಡಿ. ಆದರೆ ಮೊದಲೇ ಊಟ ಮುಗಿಸಿ ಕೂತುಕೊಳ್ಳಿ, ಮಧ್ಯೆ ಏಳಲು ಆಗಲ್ಲ.